ಬೆಂಕಿಪುರದಿಂದ ಭದ್ರಾವತಿಗೆ

ಭದ್ರಾನದಿಯ ದಡದಲ್ಲಿರುವ ಭದ್ರಾವತಿಯನ್ನು ಕಬ್ಬಿಣದ ಕಾರ್ಖಾನೆಯ ಊರೆಂದು ನಾವೆಲ್ಲರೂ ಬಲ್ಲೆವು. ಕಾರ್ಖಾನೆ ಬರುವ ಮುನ್ನ ಇದು ಬೆಂಕಿಪುರವೆಂಬ ಸಣ್ಣ ಊರು. ವಂಕಿಯೆಂಬ ಋಷಿಯಿಂದ ವಂಕಿಪುರವೆಂದಾಗಿ, ಅದೇ ಬೆಂಕಿಪುರವಾಯಿತೆಂದು ಸ್ಥಳದ ಹಿರಿಯರ ಹೇಳಿಕೆ. ಹೆಸರು ಅಳಿದರೂ ಆ ಊರಿನ ಗುರುತು ಅಳಿದಿಲ್ಲ.

ಹಳೆಯ ಊರಿನ ಲಕ್ಷ್ಮೀನರಸಿಂಹ ದೇವಾಲಯವೇ ಅದಕ್ಕೆ ಸಾಕ್ಷಿ. 13ನೆಯ ಶತಮಾನದ ಈ ಹೊಯ್ಸಳ ಗುಡಿ ಜಗತಿಯ ಮೇಲೆ ನಿಂತಿರುವುದು. ಲಕ್ಷ್ಮೀನರಸಿಂಹ, ವೇಣುಗೋಪಾಲ, ಪುರುಷೋತ್ತಮ ಈ ಮೂವರಿಗೂ ಬೇರೆ ಬೇರೆ ಗರ್ಭಗೃಹಗಳಿದ್ದು, ಮೂರಕ್ಕೂ ನವರಂಗವು ಒಂದೇ; ಆದುದರಿಂದ ಇದನ್ನು ತ್ರಿಕೂಟವೆನ್ನುವರು. ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಕ್ರಮೇಣ ಗಡುಸು. ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾದುದು ಈ ಗುಣದಿಂದಲೇ.

ಎರಡನೆಯ ಕಟ್ಟಡ ಕಾರ್ಖಾನೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1918ರಲ್ಲಿ ಇದರ ಕಾರ್ಯಕ್ಕೆ ಸಂಸ್ಥಾನವು ಕೈಹಾಕಿತು. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿತ್ತು. ಆದರೆ ಕುಲುಮೆಗೆ ತಕ್ಕ ಕಲ್ಲಿದ್ದಲು ಮೈಸೂರು ಸೀಮೆಯಲ್ಲಿರಲಿಲ್ಲ. ಆದಕಾರಣ ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಲು ಮಾಡಿದರು. ಆಗ ಏಳುವ ಆವಿಯನ್ನೂ ಬಿಡದೆ ತಣಿಸಿ, ಅದರಿಂದ ಮರದ ಮದ್ಯಸಾರವನ್ನೂ ಟಾರನ್ನೂ ಪಡೆದರು. ಜಾಣತನದ ಏರ್ಪಾಡೇ ಸರಿ; ಆದರೆ ಕಬ್ಬಿಣದ ಬೆಲೆಯಲ್ಲಿ ಕಾಡಿನ ಪಾಲೂ ಇತ್ತೆಂಬುದನ್ನು ನಾವು ಮರೆಯಲಾಗದು.

ಕಾರ್ಖಾನೆಯ ಸುತ್ತ ನ್ಯೂಟೌನ್ ಬೆಳೆಯಿತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಬಳಿ ಕಾಗದನಗರ ಎದ್ದಿತು. ಸಾವಿರಾರು ಮನೆಗಳಿಗೆ ಅನ್ನ ದೊರೆಯಿತು. ಆದರೆ ಕಾಗದದ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲವು ಕೆಲಸಗಳು ಮತ್ತೆ ಆರಂಭವಾದವು.

ಗುಡಿಯು ಏಳು ಶತಮಾನಗಳಿಗೂ ಮೀರಿ ಉಳಿದುದು ಕಲ್ಲಿನ ಬಲವೊಂದರಿಂದಲೇ ಅಲ್ಲ. ಊರಿನವರು ಅಲ್ಲಿ ಪೂಜೆಯನ್ನು ಬಿಡದೆ ನಡೆಸಿದರು, ಗೋಡೆಗಳನ್ನು ಕಾದರು. ಕುಲುಮೆಗಳೂ ದುಡಿಮೆಗಾರರ ಮನೆಗಳೂ ಊರಿನ ಚರಿತ್ರೆಯೇ ಆಗಿರುವುವು. ಅವುಗಳಿಗೂ ಅಂತಹ ಕಾವಲು ದೊರೆಯಬೇಡವೆ? ಮುಂದೆ ಶಿವಮೊಗ್ಗೆಯ ಕಡೆಗೆ ಪ್ರಯಾಣ ಮಾಡುವಾಗ ಭದ್ರಾವತಿಯಲ್ಲಿ ಇಳಿದು, ಗುಡಿಯನ್ನು ಕಂಡ ಬಳಿಕ ಆ ಬೀದಿಗಳಲ್ಲಿಯೂ ಒಂದು ಗಳಿಗೆ ನಡೆದು ನೋಡೋಣ.