ಗಾಲ್ಫ್‌ನಲ್ಲಿ ಯಾವ ಹೊಡೆತ ಮುಖ್ಯ?

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಗಾಲ್ಫ್ ಸ್ಪರ್ಧೆಯ ಕೊನೆಯ ಸುತ್ತು ನಡೆದದ್ದು 2021ರ ಆಗಸ್ಟ್ 7ರಂದು. ಬೆಂಗಳೂರಿನ ಅದಿತಿ ಅಶೋಕ್ ನಾಲ್ಕು ಸುತ್ತುಗಳನ್ನು 269 ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯ ಸ್ಥಾನ ಪಡೆದರು. ಎರಡನೆಯ ಸ್ಥಾನದಲ್ಲಿ ಸಮಬಲರಾಗಿ, ಬೆಳ್ಳಿ ಮತ್ತು ಕಂಚನ್ನು ಹಂಚಿಕೊಂಡ ಇಬ್ಬರದು 268. ಕೊನೆಯ ಕುಳಿಯಲ್ಲಿ ಅದಿತಿ ಉರುಳಿಸಿದ ಚೆಂಡು ಒಳಕ್ಕೆ ಬಿದ್ದಿದ್ದರೆ ಅವರೂ 268 ಆಗುತ್ತಿದ್ದರು. ಅದು ಬೀಳಲಿಲ್ಲ. ಆ ಒಂದು ಹೊಡೆತದಿಂದ ಪದಕ ಹೋಯಿತು ಎಂದು ಹೇಳಿಬಿಡುವುದು ಸುಲಭ. ಆದರೆ 269ರಲ್ಲಿ ಒಂದನ್ನು ಮಾತ್ರ ಹೀಗೆ ಹೊಣೆ ಮಾಡಬಹುದೇ? ಒಂದು ಕುಳಿಯನ್ನು ಆಡುವಾಗ ನಿಜಕ್ಕೂ ಯಾವ ಹೊಡೆತ ಮುಖ್ಯ? ಇದು ಅಳತೆಯ ಪ್ರಶ್ನೆ. ಆದ್ದರಿಂದ ವಿಜ್ಞಾನದ ವಿದ್ಯಾರ್ಥಿಗಳಿಗೂ ಸಲ್ಲುತ್ತದೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಗಾಲ್ಫ್ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಪ್ರತಿ ಕುಳಿಯ ಆಟ 'ಟೀ' ಎಂಬ ಜಾಗದಿಂದ ಆರಂಭ. ಅಲ್ಲಿಂದ ಹೊಡೆಯುವ ದೂರದ ಹೊಡೆತ ಡ್ರೈವ್. ಅದು ಕತ್ತರಿಸಿದ ಹುಲ್ಲಿನ ಹಾದಿಯಲ್ಲಿ, ಅಂದರೆ ಫೇರ್‌ವೇಯಲ್ಲಿ ಬೀಳಬೇಕು. ತಪ್ಪಿದರೆ ಎತ್ತರದ ಹುಲ್ಲು, ಅದು ರಫ್. ಮುಂದಿನದು ನುಣುಪಾದ 'ಗ್ರೀನ್'ಗೆ ಚೆಂಡನ್ನು ಮುಟ್ಟಿಸುವ ಅಪ್ರೋಚ್. ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವುದು ಪಟ್. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದರು.

ಡ್ರೈವ್ ನೋಡುಗರ ಮೆಚ್ಚುಗೆಗೆ, ಪಟ್ ಹಣಕ್ಕೆ ಎಂಬರ್ಥದ ಹಳೆಯ ನುಡಿಯೊಂದು ಗಾಲ್ಫ್ ಆಡುವವರಲ್ಲಿದೆ. ಅದಕ್ಕೆ ಆಧಾರವೂ ಇದೆ ಎನ್ನಿಸುತ್ತದೆ. 72 ಹೊಡೆತಗಳ ಪ್ರಮಾಣದ ಸುತ್ತಿನಲ್ಲಿ ಕುಳಿಗೆ ಎರಡರಂತೆ 36 ಪಟ್‌ಗಳಿಗೆ ಅವಕಾಶ. ಅರ್ಧ ಆಟವೇ ಪಟ್! ಆದರೆ ಈ ತರ್ಕ ದುರ್ಬಲ. ಹೊಡೆತಗಳ ಸಂಖ್ಯೆ ಬೇರೆ, ಅವು ತರುವ ವ್ಯತ್ಯಾಸ ಬೇರೆ. ಕೈಯಳತೆಯ ದೂರದ ಪಟ್ ಅನ್ನು ಎಲ್ಲರೂ ಒಳಕ್ಕೆ ಹಾಕುತ್ತಾರೆ. ಲೆಕ್ಕದಲ್ಲಿ ಅದೂ ಒಂದೇ, 300 ಗಜದ ಡ್ರೈವ್ ಕೂಡ ಒಂದೇ.

ಬಾಕಿಯ ಲೆಕ್ಕ

ಹೊಡೆತದ ಬೆಲೆ ಕಟ್ಟುವ ಒಳ್ಳೆಯ ವಿಧಾನವೊಂದನ್ನು ಕೊಟ್ಟವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಪಿಜಿಎ ಟೂರ್ ಎಂಬ ಅಲ್ಲಿನ ವೃತ್ತಿಪರ ಪುರುಷರ ಪಂದ್ಯಮಾಲೆಯಲ್ಲಿ ಪ್ರತಿ ಹೊಡೆತದ ಆರಂಭ ಮತ್ತು ಅಂತ್ಯದ ಸ್ಥಾನಗಳನ್ನು ಲೇಸರ್ ಉಪಕರಣಗಳಿಂದ ಅಳೆದು ದಾಖಲಿಸುತ್ತಿದ್ದರು. ಈ ದಾಖಲೆಗಳಿಂದ, ಇಂಥ ಜಾಗದಲ್ಲಿ ಚೆಂಡು ಇದ್ದರೆ ಕುಳಿ ಮುಗಿಸಲು ಸರಾಸರಿ ಎಷ್ಟು ಹೊಡೆತ ಬೇಕು ಎಂಬುದನ್ನು ಅವರು ಕಂಡುಕೊಂಡರು. ಇದನ್ನು ನಾವು 'ಬಾಕಿ' ಎನ್ನೋಣ. 400 ಗಜ ದೂರದ ಟೀಯಲ್ಲಿ ಬಾಕಿ 3.99, ಫೇರ್‌ವೇಯಲ್ಲಿ 100 ಗಜ ದೂರದಲ್ಲಿ 2.80, ಗ್ರೀನ್ ಮೇಲೆ 8 ಅಡಿ ದೂರದಲ್ಲಿ 1.50. ಒಂದು ಹೊಡೆತದಿಂದ ಬಾಕಿ ಎಷ್ಟು ಇಳಿಯಿತೋ ಅದರಲ್ಲಿ 1 ಕಳೆದರೆ ಉಳಿಯುವುದೇ ಆ ಹೊಡೆತದ ಗಳಿಕೆ.

ಆಟಗಾರನೊಬ್ಬ ಮೇಲಿನ ಮೂರು ಸ್ಥಾನಗಳ ಮೂಲಕ ಮೂರೇ ಹೊಡೆತಗಳಲ್ಲಿ ಕುಳಿ ಮುಗಿಸಿದ ಎಂದುಕೊಳ್ಳಿ. ಡ್ರೈವ್‌ನ ಗಳಿಕೆ 3.99 − 2.80 − 1 = 0.19. ಅಪ್ರೋಚ್‌ನದು 2.80 − 1.50 − 1 = 0.30. ಪಟ್‌ನದು 1.50 − 0 − 1 = 0.50. ಒಟ್ಟು 0.99. ಇದು 3.99ಕ್ಕೂ 3ಕ್ಕೂ ಇರುವ ಅಂತರವೇ. ಮಧ್ಯದ ಸಂಖ್ಯೆಗಳು ಒಂದನ್ನೊಂದು ಕಳೆದುಕೊಂಡವು. ಭೌತಶಾಸ್ತ್ರ ಓದಿದವರಿಗೆ ಇದು ಹೊಸತೇನಲ್ಲ: ಬಾಕಿ ಎಂಬುದು ವಿಭವದಂತೆ ಸ್ಥಾನವನ್ನು ಮಾತ್ರ ಅವಲಂಬಿಸುತ್ತದೆ, ಚೆಂಡು ಅಲ್ಲಿಗೆ ಬಂದ ದಾರಿಯನ್ನಲ್ಲ.

ಇಲ್ಲಿಯೂ ಪಟ್ ಗೆದ್ದಂತೆ ಕಾಣುತ್ತದೆಯಲ್ಲವೇ? ಸ್ವಲ್ಪ ತಾಳಿ. 8 ಅಡಿಯ ಪಟ್ ಒಳಗೆ ಬೀಳುವ ಸಂಭಾವ್ಯತೆ ವೃತ್ತಿಪರರಲ್ಲಿ ಸುಮಾರು ಅರ್ಧ. ಬಿದ್ದರೆ +0.50, ತಪ್ಪಿದರೆ −0.50. ಹತ್ತಾರು ಪಟ್‌ಗಳಲ್ಲಿ ಇವು ಹೆಚ್ಚುಕಡಿಮೆ ಸರಿಹೋಗುತ್ತವೆ. ಮುಖ್ಯವಾದದ್ದು ಒಂದು ಹೊಡೆತದ ಏರಿಳಿತವಲ್ಲ, ಒಬ್ಬ ಆಟಗಾರನಿಗೂ ಇನ್ನೊಬ್ಬನಿಗೂ ನಡುವೆ ಕೊನೆಗೂ ಉಳಿಯುವ ಅಂತರ. 2004ರಿಂದ 2012ರವರೆಗಿನ ದಾಖಲೆಗಳಲ್ಲಿ ಬ್ರಾಡಿ ಇದನ್ನು ಲೆಕ್ಕ ಹಾಕಿದರು. ಅಗ್ರ ಆಟಗಾರರು ಉಳಿದವರಿಗಿಂತ ಮುಂದಿರಲು ಅಪ್ರೋಚ್‌ನ ಪಾಲು ಶೇಕಡ 40, ಡ್ರೈವ್‌ನದು 28, ಗ್ರೀನ್ ಸುತ್ತಲಿನ ಕಿರು ಹೊಡೆತಗಳದು 17, ಪಟ್‌ನದು 15. ಹಳೆಯ ನುಡಿ ತಲೆಕೆಳಗಾಯಿತು.

ಏಕೆ ಹೀಗೆ?

ಕುಳಿಯ ವ್ಯಾಸ 10.8 ಸೆಂಟಿಮೀಟರು; ಚೆಂಡಿನದು 4.27. ಚೆಂಡು ಮೆಲ್ಲಗೆ ಬಂದರೂ ಅದರ ಕೇಂದ್ರ ಕುಳಿಯ ಕೇಂದ್ರದಿಂದ 5.4 ಸೆಂಟಿಮೀಟರಿನೊಳಗೆ ಹಾಯಬೇಕು. 8 ಅಡಿ, ಅಂದರೆ 2.44 ಮೀಟರು ದೂರದಿಂದ ಇದು ಅತ್ತಿತ್ತ 1.27 ಡಿಗ್ರಿ. 33 ಅಡಿಯಿಂದ ಕೇವಲ 0.31 ಡಿಗ್ರಿ. ವೇಗಕ್ಕೂ ಮಿತಿಯುಂಟು. ಚೆಂಡು ಕುಳಿಯ ಆಚೆಯ ಅಂಚನ್ನು ಮುಟ್ಟುವ ಮೊದಲು ತನ್ನ ತ್ರಿಜ್ಯದಷ್ಟಾದರೂ ಕೆಳಗಿಳಿಯಬೇಕು ಎಂದುಕೊಂಡು ಲೆಕ್ಕ ಹಾಕಿ. 2.13 ಸೆಂಟಿಮೀಟರು ಬೀಳಲು 0.066 ಸೆಕೆಂಡು, ಅಷ್ಟರಲ್ಲಿ ಸಾಗಬಹುದಾದದ್ದು 10.8 − 2.13 = 8.67 ಸೆಂಟಿಮೀಟರು. ವೇಗ ಸೆಕೆಂಡಿಗೆ 1.31 ಮೀಟರು ಮೀರಬಾರದು. ಚೆಂಡು ಹಿಂದಿನ ಅಂಚಿಗೆ ತಾಗಿ ಪುಟಿದು ಒಳಗೆ ಬೀಳುವುದನ್ನೂ ಸೇರಿಸಿ ಬ್ರಯನ್ ಹೋಮ್ಸ್ 1991ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಕೊಟ್ಟ ಮಿತಿ ಸೆಕೆಂಡಿಗೆ 1.63 ಮೀಟರು. ನಮ್ಮ ಸರಳ ಲೆಕ್ಕವೂ ತೀರ ದೂರವೇನಿಲ್ಲ.

ಹತ್ತಿರದ ಪಟ್ ಎಲ್ಲರಿಗೂ ಸುಲಭ, ದೂರದ್ದು ಎಲ್ಲರಿಗೂ ಕಷ್ಟ. ಗ್ರೀನ್‌ನ ಇಳಿಜಾರು, ಹುಲ್ಲಿನ ಒರಟು, ಹೆಜ್ಜೆಗುರುತುಗಳೇ ಕಾಲು ಡಿಗ್ರಿಯನ್ನು ನುಂಗಬಲ್ಲವು. ಹೀಗಾಗಿ ಕೌಶಲ ತೋರಲು ಉಳಿಯುವ ಪಟ್ಟಿ ಕಿರಿದು.

ಅಪ್ರೋಚ್ ಹಾಗಲ್ಲ. 160 ಗಜ ಎಂದರೆ 146 ಮೀಟರು. ಅಲ್ಲಿ ಒಂದು ಡಿಗ್ರಿಯ ತಪ್ಪು 2.5 ಮೀಟರು, ಮೂರು ಡಿಗ್ರಿಯದು 7.7 ಮೀಟರು. ನಿಮಿಷಕ್ಕೆ ಏಳು ಸಾವಿರದಷ್ಟು ಸುತ್ತು ಹಿಮ್ಮುಖವಾಗಿ ತಿರುಗುತ್ತ ಹೋಗುವ ಚೆಂಡಿಗೆ ಮ್ಯಾಗ್ನಸ್ ಪರಿಣಾಮದಿಂದ ಮೇಲ್ಮುಖ ಬಲ ಸಿಗುತ್ತದೆ. ಭ್ರಮಣೆಯ ಅಕ್ಷ ತುಸು ವಾಲಿದರೆ ಅದೇ ಬಲ ಚೆಂಡನ್ನು ಪಕ್ಕಕ್ಕೆ ಎಳೆಯುತ್ತದೆ. ಗಾಳಿಯ ಮಾತು ಬೇರೆ. ಚೆಂಡು ಕುಳಿಯಿಂದ 33 ಅಡಿ ದೂರದಲ್ಲಿ ಗ್ರೀನ್ ಮೇಲೆ ನಿಂತರೆ ಬಾಕಿ ಸುಮಾರು 2. ಎಂಟು ಅಡಿಯಲ್ಲಿ ನಿಂತರೆ 1.50, ಜಾರಿ, ಕುಳಿಯಿಂದ 20 ಗಜ ದೂರದ ಬಂಕರಿನ ಮರಳಿಗೆ ಬಿದ್ದರೆ ಸುಮಾರು 2.5. ಒಂದೇ ಹೊಡೆತದ ಫಲ ಇಷ್ಟು ಅಗಲಕ್ಕೆ ಹರಡಿದೆ. ಮೇಲಾಗಿ ಇಲ್ಲಿ ಒಳ್ಳೆಯ ಕೈಗೂ ಸಾಧಾರಣ ಕೈಗೂ ಇರುವ ಭೇದ ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಡ್ರೈವ್‌ನ ಬಗ್ಗೆ ಒಂದೇ ಮಾತು: 100 ಗಜದಲ್ಲಿ ರಫ್‌ನಲ್ಲಿ ಬಿದ್ದ ಚೆಂಡಿಗೆ ಬಾಕಿ 3.02, 140 ಗಜದಲ್ಲಿ ಫೇರ್‌ವೇಯಲ್ಲಿರುವುದಕ್ಕೆ 2.91. ಬಲವೊಂದೇ ಸಾಲದು.

ಹಾಗಾದರೆ ಅದಿತಿ? ಟೋಕಿಯೋದಲ್ಲಿ ಅವರ ಡ್ರೈವ್‌ಗಳು ಎದುರಾಳಿಗಳಿಗಿಂತ ಬಹಳ ಗಿಡ್ಡ. ಅವರನ್ನು ಪದಕದ ಸಮೀಪಕ್ಕೆ ತಂದದ್ದೇ ಪಟ್. ಇದು ಬ್ರಾಡಿಯವರ ಲೆಕ್ಕಕ್ಕೆ ವಿರುದ್ಧವಲ್ಲ. 8 ಅಡಿಯ ಹತ್ತು ಪಟ್‌ಗಳನ್ನು ತೆಗೆದುಕೊಳ್ಳಿ. ನಾಣ್ಯ ಚಿಮ್ಮಿದಂತೆ ಪ್ರತಿಯೊಂದೂ ±0.5 ಆದರೆ, ಒಟ್ಟು ಗಳಿಕೆಯ ಮಾನಕ ವಿಚಲನೆ 0.5 × √10, ಅಂದರೆ 1.6 ಹೊಡೆತ. ಕೌಶಲದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಒಂದು ವಾರದಲ್ಲಿ ಇಷ್ಟು ಏರಿಳಿತ ಸಹಜ. ಪದಕಕ್ಕೆ ಬೇಕಾಗಿದ್ದ ಒಂದು ಹೊಡೆತಕ್ಕಿಂತ ಇದು ಹೆಚ್ಚು. ಬ್ರಾಡಿಯವರ ದಾಖಲೆಗಳಲ್ಲಿಯೂ, ಪಂದ್ಯ ಗೆದ್ದವರ ಗೆದ್ದ ವಾರವನ್ನಷ್ಟೇ ನೋಡಿದರೆ ಪಟ್‌ನ ಪಾಲು 15ರಿಂದ ಸುಮಾರು 35ಕ್ಕೆ ಏರುತ್ತದೆ. ವಾರದ ಗೆಲುವಿಗೆ ಪಟ್, ವರ್ಷಗಳ ಮೇಲ್ಮೆಗೆ ಅಪ್ರೋಚ್. ಅದಿತಿಯವರ ಪಟ್ ಕೌಶಲ ಅಸಾಧಾರಣವಾದದ್ದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂದು ಕಳೆದುಕೊಂಡ ಆ ಒಂದು ಹೊಡೆತವನ್ನು ಹುಡುಕಬೇಕಾದ ಜಾಗ ಕೊನೆಯ ಪಟ್ ಅಲ್ಲ, ಗಿಡ್ಡ ಡ್ರೈವ್‌ಗಳಿಂದಾಗಿ ಬಹು ದೂರದಿಂದ ಆಡಬೇಕಾಗಿ ಬಂದ ಅಪ್ರೋಚ್‌ಗಳು ಎಂಬುದು ನನ್ನ ಅಭಿಪ್ರಾಯ.

ಸರಾಸರಿಯೇ ದಾರಿ ತಪ್ಪಿಸುವ ಸಂದರ್ಭವೂ ಉಂಟು. 1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಓಪನ್ ಪಂದ್ಯದ ಕೊನೆಯ ಕುಳಿಗೆ ಬಂದಾಗ ಫ್ರಾನ್ಸಿನ ಜಾನ್ ವಾನ್ ದ ವೆಲ್ಡ್ ಮೂರು ಹೊಡೆತ ಮುಂದಿದ್ದರು. ನಾಲ್ಕರ ಪ್ರಮಾಣದ ಆ ಕುಳಿಯನ್ನು ಆರರಲ್ಲಿ ಮುಗಿಸಿದ್ದರೂ ಗೆಲುವು ಅವರದೇ. ಅವರ ಡ್ರೈವ್ ಬಲಕ್ಕೆ ಹೋದರೂ ಚೆಂಡು ಸುರಕ್ಷಿತವಾಗಿತ್ತು. ಎರಡನೆಯದನ್ನು ಅವರು ನೇರ ಗ್ರೀನ್‌ನತ್ತ ಹೊಡೆದರು. ಅದು ಪ್ರೇಕ್ಷಕರ ಗ್ಯಾಲರಿಗೂ ಹಳ್ಳದ ಕಲ್ಲುಗೋಡೆಗೂ ತಾಗಿ ಹಿಂದಕ್ಕೆ ಚಿಮ್ಮಿ ಎತ್ತರದ ಹುಲ್ಲಿಗೆ ಬಿತ್ತು. ಮೂರನೆಯದು ಬ್ಯಾರಿ ಬರ್ನ್ ಎಂಬ ಆ ಹಳ್ಳಕ್ಕೆ, ದಂಡವಾಗಿ ಒಂದು. ಐದನೆಯದು ಬಂಕರಿಗೆ, ಆರನೆಯದು ಗ್ರೀನ್‌ಗೆ. ಕೊನೆಗೆ ಸುಮಾರು 2 ಮೀಟರಿನ ಪಟ್ ಅನ್ನು ಅವರು ಒಳಕ್ಕೆ ಹಾಕಿಯೇಬಿಟ್ಟರು! ಒಟ್ಟು ಏಳು. ಸಮಬಲದ ನಿರ್ಣಯದಲ್ಲಿ ಪ್ರಶಸ್ತಿ ಪಾಲ್ ಲಾರಿಯವರ ಪಾಲಾಯಿತು.

ಬಾಕಿಯ ಲೆಕ್ಕದಲ್ಲಿ ದೊಡ್ಡ ನಷ್ಟ ಮೂರನೆಯ ಹೊಡೆತದ್ದು. ಆದರೆ ಅವರಿಗೆ ಆಗ ಕಡಿಮೆ ಮಾಡಬೇಕಾಗಿದ್ದದ್ದು ಸರಾಸರಿ ಹೊಡೆತಗಳನ್ನಲ್ಲ, ಆರನ್ನು ಮೀರುವ ಸಂಭಾವ್ಯತೆಯನ್ನು. ಹಳ್ಳದ ಈಚೆಗೇ ಚೆಂಡನ್ನು ನಿಲ್ಲಿಸಿ, ಮೂರನೆಯದರಲ್ಲಿ ಗ್ರೀನ್ ಸೇರಿದ್ದರೆ ಕುಳಿ ಮುಗಿಸಲು ಮೂರು ಪಟ್‌ಗಳಿಗೆ ಅವಕಾಶವಿರುತ್ತಿತ್ತು. ಆದ್ದರಿಂದ ಆ ಕುಳಿಯಲ್ಲಿ ಮುಖ್ಯವಾದದ್ದು ಎರಡನೆಯ ಹೊಡೆತ. ಅದೂ ಕೋಲು ಬೀಸುವುದಕ್ಕೆ ಮುಂಚೆ, ಯಾವ ಕೋಲನ್ನು ಚೀಲದಿಂದ ತೆಗೆಯಬೇಕೆಂದು ಅವರು ಯೋಚಿಸುತ್ತ ನಿಂತಿದ್ದಾಗ.