ಡೌನ್‌ಗ್ರೇಡ್ ಆದ ಲ್ಯಾಪ್‌ಟಾಪನ್ನು ಹೊಸ ವಿಂಡೋಸ್‌ಗೆ ಮರಳಿಸುವಾಗ: ಪರವಾನಗಿ ಮತ್ತು ಲೆಕ್ಕಪತ್ರಗಳ ರಕ್ಷಣೆ

ಪುತ್ತೂರಿನ ಅಡಿಕೆ ಖರೀದಿ ಅಂಗಡಿಯಾಗಲಿ, ಸುಳ್ಯದ ರಬ್ಬರ್ ಶೀಟ್ ವ್ಯಾಪಾರವಾಗಲಿ, ಕಡಬದ ಸಿಮೆಂಟ್ ಬ್ಲಾಕ್ ಘಟಕವಾಗಲಿ, ಲೆಕ್ಕ ಬರೆಯುವ ಲ್ಯಾಪ್‌ಟಾಪ್ ಒಂದು ಮೇಜಿನ ಮೇಲೆ ಇದ್ದೇ ಇರುತ್ತದೆ. 2021ರ ಅಂತ್ಯದಿಂದೀಚೆಗೆ ಖರೀದಿಸಿದ ಇಂತಹ ಲ್ಯಾಪ್‌ಟಾಪ್‌ಗಳಲ್ಲಿ ಕೆಲವದರ ಬಿಲ್ಲನ್ನು ತೆಗೆದು ನೋಡಿದರೆ ಅದರಲ್ಲಿ ‘ವಿಂಡೋಸ್ 11 ಪ್ರೊ’ ಎಂದು ನಮೂದಾಗಿರುತ್ತದೆ. ಆದರೆ ಪರದೆಯ ಮೇಲೆ ಕಾಣುವುದು ವಿಂಡೋಸ್ 10. ಹಳೆಯ ಲೆಕ್ಕದ ತಂತ್ರಾಂಶ ಹೊಸದರಲ್ಲಿ ನಡೆಯದೆಂಬ ಭಯ, ಪ್ರಿಂಟರ್ ಹಾಗೂ ತೂಕದ ಯಂತ್ರ ಹೊಂದಿಕೊಳ್ಳುವುದೋ ಇಲ್ಲವೋ ಎಂಬ ಸಂಶಯ, ಗುಮಾಸ್ತರಿಗೆ ಹಳೆಯದೇ ಕೈಗೆ ಒಗ್ಗಿದೆ ಎಂಬ ಕಾರಣ, ಇವುಗಳಿಂದಾಗಿ ಹೊಸ ಆವೃತ್ತಿಗೆ ಹಣ ತೆತ್ತು ಹಳೆಯ ಆವೃತ್ತಿಯನ್ನು ಬಳಸುವ ಪರಿಪಾಠ ಬೆಳೆದುಬಂದಿದೆ. ಇದನ್ನೇ ಡೌನ್‌ಗ್ರೇಡ್ ಎಂದು ಕರೆಯುತ್ತಾರೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಉಚಿತ ಬೆಂಬಲವು ಕೊನೆಗೊಂಡಿತು. ಅನಂತರವೂ ಸುರಕ್ಷತಾ ತಿದ್ದುಪಡಿಗಳು ಬೇಕೆನ್ನುವ ವ್ಯಾಪಾರ ಸಂಸ್ಥೆಗಳಿಗೆ ಗರಿಷ್ಠ 3 ವರ್ಷಗಳ ಸೌಲಭ್ಯವನ್ನು ಸಂಸ್ಥೆ ಪ್ರಕಟಿಸಿತಾದರೂ, ಅದಕ್ಕೆ ಗೊತ್ತುಪಡಿಸಿದ ದರ ಒಂದು ಗಣಕಕ್ಕೆ ಮೊದಲ ವರ್ಷ 61 ಡಾಲರ್, ಮುಂದೆ ಪ್ರತಿ ವರ್ಷ ಅದರ ಇಮ್ಮಡಿ. ಬಿಲ್ಲಿನಲ್ಲಿಯೇ ವಿಂಡೋಸ್ 11 ಇರುವ ಲ್ಯಾಪ್‌ಟಾಪಿಗೆ ಈ ಹಣ ತೆರುವುದರಲ್ಲಿ ಅರ್ಥವಿಲ್ಲ. ಹೊಸ ಆವೃತ್ತಿಯ ಬೆಲೆಯನ್ನು ಖರೀದಿಯ ದಿನವೇ ತೆತ್ತಾಗಿದೆ. ಅದಕ್ಕೆ ಮರಳುವುದು ಖರೀದಿದಾರನ ಹಕ್ಕು. ಮರಳುವ ಗಡಿಬಿಡಿಯಲ್ಲಿ ಅಪಾಯಕ್ಕೆ ಸಿಲುಕುವುದು ಪರವಾನಗಿಯಲ್ಲ, ಹಾರ್ಡ್‌ಡಿಸ್ಕಿನಲ್ಲಿರುವ ಲೆಕ್ಕಪತ್ರ.

ಈ ಪರಿಪಾಠವೇನೂ ಹೊಸದಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅದರ ನಿಧಾನಗತಿಗೆ ಬೇಸತ್ತವರು ಎಕ್ಸ್‌ಪಿಯನ್ನೇ ಕೇಳಿದರು. 2008ರ ಜೂನ್ 30ರ ನಂತರ ಸಾಮಾನ್ಯ ಗಣಕಗಳಿಗೆ ಎಕ್ಸ್‌ಪಿಯ ಮಾರಾಟ ನಿಂತರೂ, ವಿಸ್ಟಾದ ಬಿಸಿನೆಸ್ ಅಥವಾ ಅಲ್ಟಿಮೇಟ್ ಆವೃತ್ತಿ ಕೊಂಡವರಿಗೆ ಎಕ್ಸ್‌ಪಿ ಪ್ರೊಫೆಷನಲ್‌ಗೆ ಇಳಿಯುವ ಹಕ್ಕು ಇತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಅದೇ ಕಥೆ ವಿಂಡೋಸ್ 7ರೊಂದಿಗೆ ಪುನರಾವರ್ತನೆಗೊಂಡಿತು.

ಪರವಾನಗಿಯ ನಿಜಸ್ಥಿತಿ

ಡೌನ್‌ಗ್ರೇಡ್ ಎಂಬ ಒಂದೇ ಹೆಸರಿನ ಅಡಿಯಲ್ಲಿ ಭಿನ್ನ ಸಂಗತಿಗಳಿವೆ. ಲ್ಯಾಪ್‌ಟಾಪ್ ‘ಪ್ರೊ’ ಆವೃತ್ತಿಯದಾಗಿದ್ದು, ತಯಾರಕರೇ ಅಥವಾ ಮಾರಾಟಗಾರರೇ ವಿಂಡೋಸ್ 10 ಪ್ರೊ ಅಳವಡಿಸಿ ಕೊಟ್ಟಿದ್ದರೆ ಅದು ಪರವಾನಗಿಯ ಷರತ್ತಿನಲ್ಲಿಯೇ ಅನುಮತಿಸಲ್ಪಟ್ಟ ಡೌನ್‌ಗ್ರೇಡ್. ವಿಂಡೋಸ್ 8ರ ಕಾಲದಿಂದೀಚೆಗೆ ಪರವಾನಗಿಯ ಸಂಖ್ಯೆಯನ್ನು ಲ್ಯಾಪ್‌ಟಾಪಿನ ಅಡಿಯ ಚೀಟಿಯಲ್ಲಿ ಮುದ್ರಿಸುವ ಬದಲು ಮದರ್‌ಬೋರ್ಡಿನಲ್ಲಿಯೇ ಅಡಗಿಸಿಡುವ ಪದ್ಧತಿ ಬಂದಿದೆ. ಹಾರ್ಡ್‌ಡಿಸ್ಕನ್ನು ಎಷ್ಟು ಬಾರಿ ಅಳಿಸಿದರೂ ಆ ಸಂಖ್ಯೆ ಅಳಿಯುವುದಿಲ್ಲ. ಹೊಸದಾಗಿ ವಿಂಡೋಸ್ ಅಳವಡಿಸುವಾಗ ತಂತ್ರಾಂಶವು ಅದನ್ನು ತಾನೇ ಓದಿಕೊಂಡು ಸರಿಯಾದ ಆವೃತ್ತಿಯನ್ನು ಆರಿಸಿಕೊಳ್ಳುತ್ತದೆ. ಆದ್ದರಿಂದ ‘ಕೀ’ಗೆ ಪ್ರತ್ಯೇಕ ಹಣ ಕೊಡಬೇಕೆಂದು ಯಾರಾದರೂ ಕೇಳಿದರೆ, ಮೊದಲು ಬಿಲ್ಲನ್ನು ತೆಗೆದು ನೋಡತಕ್ಕದ್ದು.

‘ಹೋಮ್’ ಆವೃತ್ತಿಯ ಲ್ಯಾಪ್‌ಟಾಪಿನ ಸಂಗತಿ ಬೇರೆ. ಹೋಮ್ ಆವೃತ್ತಿಗೆ ಡೌನ್‌ಗ್ರೇಡ್ ಹಕ್ಕು ಇಲ್ಲ. ಆದರೂ ಅದರಲ್ಲಿ ಎಲ್ಲಿಯದೋ ಒಂದು ಪ್ರತಿಯಿಂದ ವಿಂಡೋಸ್ 7 ಅಲ್ಟಿಮೇಟನ್ನೋ ವಿಂಡೋಸ್ 10 ಪ್ರೊವನ್ನೋ ಹಾಕಿಸಿಕೊಂಡವರಿದ್ದಾರೆ. ಅನಧಿಕೃತ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವುದು ಕೃತಿಸ್ವಾಮ್ಯ ಅಧಿನಿಯಮ, 1957ರ ಕಲಂ 63ಬಿ ಪ್ರಕಾರ ಅಪರಾಧ. ಸಮಾಧಾನದ ಅಂಶವೆಂದರೆ, ಲ್ಯಾಪ್‌ಟಾಪಿನೊಂದಿಗೆ ಬಂದ ಮೂಲ ಆವೃತ್ತಿಗೆ ಮರಳಿದೊಡನೆ ಸಂಸ್ಥೆಯು ಮತ್ತೆ ಸಕ್ರಮ ಪರವಾನಗಿಯ ಅಡಿಗೆ ಬರುತ್ತದೆ. ಆದರೆ ಇಲ್ಲಿ ಇದ್ದುದರ ಮೇಲೆಯೇ ವಿಂಡೋಸ್ 11ಕ್ಕೆ ಏರಿದರೆ ಅನಧಿಕೃತ ಪ್ರೊ ಆವೃತ್ತಿಯೇ ಮುಂದುವರಿಯುತ್ತದೆ. ಡಿಸ್ಕನ್ನು ಅಳಿಸಿ ಹೊಸದಾಗಿಯೇ ಅಳವಡಿಸಬೇಕು.

2012ರಿಂದ 2016ರ ನಡುವೆ ವಿಂಡೋಸ್ 8 ಪ್ರೊ ಪರವಾನಗಿಯಲ್ಲಿ ವಿಂಡೋಸ್ 7 ಹಾಕಿಸಿಕೊಂಡ ಲ್ಯಾಪ್‌ಟಾಪ್‌ಗಳನ್ನು ಮರಳಿಸಿ ಪ್ರಯೋಜನವಿಲ್ಲ. ವಿಂಡೋಸ್ 8.1ರ ಬೆಂಬಲವು 2023ರ ಜನವರಿ 10ರಂದೇ ಮುಗಿದಿದೆ. ಹಳೆಯ 7 ಮತ್ತು 8ರ ಕೀಗಳಿಂದ ಮುಂದಿನ ಆವೃತ್ತಿಗೆ ಉಚಿತವಾಗಿ ಏರುವ ದಾರಿಯನ್ನೂ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೆಯ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್, ಕನಿಷ್ಠ 4 ಜಿಬಿ ಮೆಮರಿ ಹಾಗೂ 64 ಜಿಬಿ ಡಿಸ್ಕ್ ಬೇಕು. ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶವು ಲ್ಯಾಪ್‌ಟಾಪ್ ಅರ್ಹವೇ ಅಲ್ಲವೇ ಎಂಬುದನ್ನು ಕ್ಷಣದಲ್ಲಿ ತಿಳಿಸುತ್ತದೆ. ಕಾಗದದ ಮೇಲಿನ 4 ಜಿಬಿಯಲ್ಲಿ ವ್ಯಾಪಾರದ ಕೆಲಸ ತೆವಳುತ್ತದೆಂಬುದು ಬೇರೆ ಮಾತು. 8 ಜಿಬಿ ಇಲ್ಲದಿದ್ದರೆ ಮೆಮರಿ ಹೆಚ್ಚಿಸಿಕೊಂಡೇ ಮುಂದುವರಿಯುವುದು ಲೇಸು.

ಲೆಕ್ಕಪತ್ರದ ಹೊಣೆ

ನಮ್ಮ ಭಾಗದಲ್ಲಿ ‘ವಿಂಡೋಸ್ ಹಾಕಿಸುವುದು’ ಎಂದರೆ ‘ಫಾರ್ಮ್ಯಾಟ್ ಮಾಡಿಸುವುದು’ ಎಂದೇ ಅರ್ಥವಾಗಿಬಿಟ್ಟಿದೆ. ಸರ್ವಿಸ್ ಅಂಗಡಿಯಲ್ಲಿ ‘ಡಿ ಡ್ರೈವಿನಲ್ಲಿ ಇರುವುದು ಹಾಗೆಯೇ ಇರುತ್ತದೆ’ ಎಂಬ ಭರವಸೆ ಕೊಡುವುದು ವಾಡಿಕೆ. ಲ್ಯಾಪ್‌ಟಾಪ್ ತಯಾರಕರ ರಿಕವರಿ ವ್ಯವಸ್ಥೆಯನ್ನು ಬಳಸಿ ಕಾರ್ಖಾನೆಯ ಮೂಲಸ್ಥಿತಿಗೆ ತಂದಾಗ ಅನೇಕ ಮಾದರಿಗಳಲ್ಲಿ ಇಡೀ ಡಿಸ್ಕ್ ಅಳಿಸಿಹೋಗುತ್ತದೆ. ಸಿ ಯಾವುದು ಡಿ ಯಾವುದು ಎಂಬುದನ್ನು ಅದು ಕೇಳುವುದಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಇದು ಕೇವಲ ಅನನುಕೂಲವಲ್ಲ. ಕೇಂದ್ರ ಜಿಎಸ್‌ಟಿ ಅಧಿನಿಯಮದ ಕಲಂ 36ರಂತೆ ನೋಂದಾಯಿತ ವ್ಯಾಪಾರಿಯು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. 2021-22ನೆಯ ಸಾಲಿನ ವಾರ್ಷಿಕ ರಿಟರ್ನಿನ ಕೊನೆಯ ದಿನ 31-12-2022 ಆಗಿದ್ದುದರಿಂದ ಆ ಸಾಲಿನ ಲೆಕ್ಕಗಳು 31-12-2028ರವರೆಗೆ ಇರಲೇಬೇಕು. ಮೇಲ್ಮನವಿ ಬಾಕಿಯಿದ್ದರೆ ಅದರ ಅಂತಿಮ ತೀರ್ಮಾನದ ಬಳಿಕ ಒಂದು ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ. ಗಣಕದಲ್ಲಿ ಇಟ್ಟ ದಾಖಲೆಗಳಿಗೆ ತಕ್ಕ ಬ್ಯಾಕಪ್ ಇರಬೇಕೆಂದು, ಅಪಘಾತದಿಂದ ನಾಶವಾದರೂ ಸೂಕ್ತ ಅವಧಿಯಲ್ಲಿ ಮತ್ತೆ ಪಡೆಯುವಂತಿರಬೇಕೆಂದು ನಿಯಮ 57 ಹೇಳುತ್ತದೆ. ‘ಫಾರ್ಮ್ಯಾಟ್ ಮಾಡುವಾಗ ಹೋಯಿತು’ ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಈ ಅವಧಿ 8 ಆರ್ಥಿಕ ವರ್ಷ. ಜೊತೆಗೆ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯತಕ್ಕದ್ದು. ಹತ್ತು ದಿನ ಹಳೆಯ ಬ್ಯಾಕಪ್ಪಿನಿಂದ ಲೆಕ್ಕ ಮರಳಿಸಿ ನಡುವಿನ ನಮೂದುಗಳನ್ನು ಪುನಃ ಬರೆದರೆ, ಅವೆಲ್ಲ ಹೊಸ ದಿನಾಂಕದಲ್ಲಿ ಸೃಷ್ಟಿಯಾದವೆಂದೇ ಆ ಜಾಡು ತೋರಿಸುತ್ತದೆ. ಲೆಕ್ಕಪರಿಶೋಧಕರಿಗೆ ವಿವರಣೆ ಕೊಡುವ ಪಾಡು ನಿರ್ದೇಶಕರದಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಬ್ಯಾಕಪ್. ಟ್ಯಾಲಿಯ ದತ್ತಾಂಶ ಯಾವ ಫೋಲ್ಡರಿನಲ್ಲಿದೆ ಎಂಬುದು ಅನೇಕ ಮಾಲೀಕರಿಗೆ ತಿಳಿದಿರುವುದಿಲ್ಲ. ಟ್ಯಾಲಿಯಲ್ಲಿ ಕಂಪನಿ ಆರಿಸುವ ಪುಟದಲ್ಲಿ ಅದರ ವಿಳಾಸ ಕಾಣಿಸುತ್ತದೆ. ಅಂಕಿಗಳ ಹೆಸರಿನ ಫೋಲ್ಡರ್‌ಗಳನ್ನೆಲ್ಲ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲಿಸಿ, ಒಂದನ್ನು ಇನ್ನೊಂದು ಗಣಕದಲ್ಲಿ ತೆರೆದು ಶಿಲ್ಕು ತಾಳೆಯಾಗುವುದೇ ಎಂದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎನ್ನಲಾಗದು. ಡಿಸ್ಕ್ ಅಳಿಸುವುದಿದ್ದರೆ ಟ್ಯಾಲಿಯ ಪರವಾನಗಿಯನ್ನು ಮುಂಚಿತವಾಗಿ ‘ಸರೆಂಡರ್’ ಮಾಡಿಡುವುದೂ ಅಗತ್ಯ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಪತ್ರಗಳಿದ್ದರೆ ಫಾಂಟ್‌ಗಳನ್ನೂ ನಕಲಿಸಿಡಬೇಕು. ಇಲ್ಲವಾದರೆ ಬ್ಯಾಂಕಿಗೆ ಬರೆದ ಕನ್ನಡ ಪತ್ರವು ಮರುದಿನ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣಿಸೀತು.

ಮರಳುವ ದಾರಿ ಮತ್ತು ಅದರ ಮುಳ್ಳುಗಳು

ಸಕ್ರಮವಾದ ವಿಂಡೋಸ್ 10 ಪ್ರೊ ಇರುವ ಅರ್ಹ ಲ್ಯಾಪ್‌ಟಾಪಿಗೆ ಫಾರ್ಮ್ಯಾಟ್ ಬೇಕಾಗಿಯೇ ಇಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಮೂಲಕವೋ ಮೈಕ್ರೋಸಾಫ್ಟಿನ ಇನ್‌ಸ್ಟಾಲೇಶನ್ ಅಸಿಸ್ಟೆಂಟ್ ಮೂಲಕವೋ ಇದ್ದ ತಂತ್ರಾಂಶ ಹಾಗೂ ಕಡತಗಳನ್ನು ಉಳಿಸಿಕೊಂಡೇ ಮೇಲೇರಬಹುದು. ಹಲವು ಜಿಬಿಗಳಷ್ಟು ಡೌನ್‌ಲೋಡ್ ಆಗಬೇಕಾದುದರಿಂದ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ಅಂದಿನ ಡೇಟಾ ಮಿತಿಯನ್ನು ನೋಡಿಕೊಳ್ಳಬೇಕು. ಬ್ಯಾಟರಿ ಪೂರ್ಣ ತುಂಬಿರಲಿ. ಸಂಜೆಯ ಗುಡುಗು ಸಿಡಿಲಿನ ದಿನಗಳಲ್ಲಿ ಈ ಕೆಲಸವನ್ನು ಬೆಳಿಗ್ಗೆ ಹಮ್ಮಿಕೊಳ್ಳುವುದು ಕ್ಷೇಮ.

ಇರುವ ವಿಂಡೋಸ್ 10ವು 32 ಬಿಟ್‌ನದಾಗಿದ್ದರೆ ಮಾತ್ರ ಈ ಸುಲಭ ದಾರಿ ಇಲ್ಲ. ವಿಂಡೋಸ್ 11ರಲ್ಲಿ 64 ಬಿಟ್ ಒಂದೇ ಇರುವುದರಿಂದ ಹೊಸದಾಗಿ ಅಳವಡಿಸಬೇಕಾಗುತ್ತದೆ. ಮುಖ್ಯವಾಗಿ, ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು, ಅಂದರೆ ಎಷ್ಟೋ ವರ್ಷದ ಹಿಂದೆ ಫಾಕ್ಸ್‌ಪ್ರೊದಲ್ಲಿ ಬರೆಸಿಕೊಂಡ ಖರೀದಿ ಪಟ್ಟಿ, ಗ್ರಾಹಕರ ಖಾತೆ ಮುಂತಾದವು, 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ತೆರೆಯುವುದೇ ಇಲ್ಲ. ಡೌನ್‌ಗ್ರೇಡಿಗೆ ಕಾರಣ ಇದೊಂದೇ ಆಗಿದ್ದಲ್ಲಿ, ಹೊಸ ಸಾಲಿನ ಲೆಕ್ಕವನ್ನು ಹೊಸ ತಂತ್ರಾಂಶಕ್ಕೆ ಒಯ್ದು, ಹಳೆಯ ಖಾತೆಗಳನ್ನು ಮುದ್ರಿಸಿಯೋ ಪಿಡಿಎಫ್ ಮಾಡಿಯೋ ಇಟ್ಟು, ಹಳೆಯ ಗಣಕ ಒಂದನ್ನು ಇಂಟರ್‌ನೆಟ್ ಸಂಪರ್ಕವಿಲ್ಲದೆ ಕಾಯ್ದಿರಿಸುವುದು ವ್ಯವಹಾರಜ್ಞಾನ.

ಡಿಸ್ಕ್ ಅಳಿಸಿ ಅಳವಡಿಸುವವರು ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ವಿಂಡೋಸ್ 11ರ ಅಳವಡಿಕೆಯು ಸಾಮಾನ್ಯವಾಗಿ ಒಂದು ಮೈಕ್ರೋಸಾಫ್ಟ್ ಖಾತೆಯನ್ನು ಕೇಳುತ್ತದೆ. 2024ರ 24ಎಚ್2 ಆವೃತ್ತಿಯಿಂದೀಚೆಗೆ ಹೊಸ ಅಳವಡಿಕೆಯಲ್ಲಿ, ಆ ಖಾತೆಯಿಂದ ಲಾಗಿನ್ ಆದೊಡನೆ, ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಒಳಗಾಗುವ ಏರ್ಪಾಡು ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ವಿಸ್ತರಿಸಿದೆ. ಅದನ್ನು ಬಿಡಿಸುವ 48 ಅಂಕಿಗಳ ರಿಕವರಿ ಕೀ ಸೇರುವುದು ಆ ಖಾತೆಗೆ. ಬೇಗ ಮುಗಿಸುವ ಆತುರದಲ್ಲಿ ಸರ್ವಿಸ್ ಮಾಡುವವರು ತಮ್ಮದೇ ಇ-ಮೇಲ್ ವಿಳಾಸ ಕೊಟ್ಟರೆ, ಸಂಸ್ಥೆಯ ಲೆಕ್ಕಪತ್ರಗಳ ಕೀಲಿಕೈ ಅವರ ಖಾತೆಯಲ್ಲಿ ಕೂರುತ್ತದೆ. ಮುಂದೊಂದು ದಿನ ಬಯೋಸ್ ಬದಲಾವಣೆಯ ಬಳಿಕ ಅಥವಾ ಮದರ್‌ಬೋರ್ಡ್ ಕೆಟ್ಟಾಗ ಪರದೆಯು ಆ 48 ಅಂಕಿಗಳನ್ನು ಕೇಳಿದರೆ, ಕೀ ಇಲ್ಲದವರಿಗೆ ಡಿಸ್ಕಿನಲ್ಲಿದ್ದುದನ್ನು ಮೈಕ್ರೋಸಾಫ್ಟ್ ಕೂಡ ತೆಗೆದುಕೊಡಲಾರದು. ಖಾತೆ ಮಾಲೀಕರ ಹೆಸರಿನಲ್ಲಿರಬೇಕು. ಕೀಯನ್ನು ಮುದ್ರಿಸಿ ಬಿಲ್ಲಿನೊಂದಿಗೆ ಕಪಾಟಿನಲ್ಲಿ ಇಡಬೇಕು. ಈಗಾಗಲೇ ಬಿಟ್‌ಲಾಕರ್ ಚಾಲೂ ಇದ್ದರೆ ಬಯೋಸ್ ಮುಟ್ಟುವ ಮುನ್ನ ಅದನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು.

ಸಲಕರಣೆಗಳ ಪೈಕಿ ಹೆಚ್ಚು ತೊಂದರೆ ಕೊಡುವುದು ತೂಕದ ಯಂತ್ರದಿಂದ ಗಣಕಕ್ಕೆ ಬರುವ ಸೀರಿಯಲ್-ಯುಎಸ್‌ಬಿ ಕೇಬಲ್. ಪ್ರೋಲಿಫಿಕ್ ಸಂಸ್ಥೆಯ ಹಳೆಯ ಪಿಎಲ್2303 ಚಿಪ್‌ಗಳಿಗೆ ವಿಂಡೋಸ್ 11ರಲ್ಲಿ ಬೆಂಬಲವಿಲ್ಲ. ಕೇಬಲ್ ಕೆಟ್ಟಿದೆಯೆಂದು ಯಂತ್ರ ಬಿಚ್ಚಿಸುವ ಮೊದಲು ಕೇಬಲ್ ಬದಲಿಸಿ ನೋಡುವುದು ಅಗ್ಗ. ಡಿಜಿಟಲ್ ಸಹಿ ಇರುವುದು ಯುಎಸ್‌ಬಿ ಟೋಕನ್‌ನಲ್ಲಾದ್ದರಿಂದ ಅದಕ್ಕೆ ಹಾನಿಯಿಲ್ಲ. ಫಾರ್ಮ್ಯಾಟ್ ಆಗಿದ್ದರೆ ಟೋಕನ್‌ನ ಡ್ರೈವರ್, ಜಿಎಸ್‌ಟಿ ಜಾಲತಾಣದ ಎಂ-ಸೈನರ್ ಇವನ್ನು ಮತ್ತೆ ಹಾಕಿಸಬೇಕು.

ಯಾವಾಗ ಮಾಡುವುದೆಂಬ ಪ್ರಶ್ನೆಗೆ ಉತ್ತರ ಪಂಚಾಂಗದಲ್ಲಿಲ್ಲ, ರಿಟರ್ನ್ ದಿನಾಂಕಗಳಲ್ಲಿದೆ. 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ತ್ರೈಮಾಸಿಕ ಪದ್ಧತಿಯವರಿಗೆ ಕರ್ನಾಟಕದಲ್ಲಿ 22. ಹಾಗಾಗಿ 23ರ ನಂತರದ ಒಂದು ವಾರ ಅನುಕೂಲ. 5 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟಿದ್ದು ಇ-ಇನ್‌ವಾಯ್ಸ್ ಕಡ್ಡಾಯವಾಗಿರುವವರು ಆ ದಿನದ ಮಟ್ಟಿಗೆ ಇನ್ನೊಂದು ಗಣಕವನ್ನು ಸಜ್ಜುಗೊಳಿಸಿಕೊಳ್ಳಬೇಕು. ಅಡಿಕೆ ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುವಾಗ ‘ಅಪ್‌ಡೇಟ್ ನಡೆಯುತ್ತಿದೆ, ಗಣಕ ಆರಿಸಬೇಡಿ’ ಎಂಬ ಪರದೆಯನ್ನು ನೋಡುತ್ತ ಕೂರುವುದು ಯಾರಿಗೂ ಬೇಡ.

ಇದ್ದುದರ ಮೇಲೆಯೇ ಏರಿದವರಿಗೆ ಹಿಂದಿರುಗಲು 10 ದಿನಗಳ ಕಾಲಾವಕಾಶ ಇರುತ್ತದೆ. ಆ ಬಳಿಕ ಹಳೆಯ ವಿಂಡೋಸ್‌ನ ಕಡತಗಳು ತಾವಾಗಿಯೇ ಅಳಿಯುತ್ತವೆ. ಆ ಹತ್ತು ದಿನಗಳೊಳಗೆ ಒಂದು ಇನ್‌ವಾಯ್ಸ್, ಒಂದು ಇ-ವೇ ಬಿಲ್, ಡಿಜಿಟಲ್ ಸಹಿಯ ಒಂದು ಪ್ರಯೋಗ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಒಂದು ಪ್ರತಿ, ಒಂದು ತೂಕದ ಚೀಟಿ, ಇಷ್ಟನ್ನೂ ಮಾಡಿ ನೋಡಿರಬೇಕು.