ಫೈಲಿನ ಕೊನೆಯಲ್ಲಿ ಏನಿರುತ್ತದೆ?

ಉಡುಪಿ, ಹಾಸನ, ಬೀದರ್ ಎಂದು ಮೂರೇ ಸಾಲಿರುವ ಒಂದು ಫೈಲ್. ಸಿ ಭಾಷೆ ಹೊಸದಾಗಿ ಕಲಿತವರು ಅದನ್ನು ಓದಲು ಬರೆಯುವ ಲೂಪ್ ಸಾಮಾನ್ಯವಾಗಿ ಹೀಗಿರುತ್ತದೆ: ಎಫ್‌ಇಒಎಫ್ ‘ಮುಗಿಯಿತು’ ಎನ್ನುವ ತನಕ ಎಫ್‌ಗೆಟ್ಸ್‌ನಿಂದ ಒಂದು ಸಾಲು ಓದು, ಮುದ್ರಿಸು. ಓಡಿಸಿದರೆ ಪರದೆಯ ಮೇಲೆ ಉಡುಪಿ, ಹಾಸನ, ಬೀದರ್, ಬೀದರ್. ಮೂರೇ ಊರಿದ್ದದ್ದರಿಂದ ಕಣ್ಣಿಗೆ ಬಿತ್ತು. ಐದು ಸಾವಿರ ಸಾಲಿನ ಸಂಬಳದ ಪಟ್ಟಿಯಾಗಿದ್ದರೆ ಕೊನೆಯವರಿಗೆ ಎರಡು ಸಲ ಹಣ ಹೋದದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಫೈಲಿನ ಕೊನೆ, ಅಂದರೆ ಇಒಎಫ್ ಬಗ್ಗೆ ನಾವು ಪರೀಕ್ಷಿಸದೆ ಒಪ್ಪಿಕೊಂಡ ಕೆಲವು ನಂಬಿಕೆಗಳಿಂದಲೇ ಇಂಥ ತಪ್ಪುಗಳು ಹುಟ್ಟುತ್ತವೆ.

ನಂಬಿಕೆ: ಪ್ರತಿ ಫೈಲಿನ ತುದಿಯಲ್ಲೂ ಇಒಎಫ್ ಎಂಬ ಗುಪ್ತ ಅಕ್ಷರ ಇರುತ್ತದೆ.

ಅಂಥ ಅಕ್ಷರವೇ ಇಲ್ಲ. ಫೈಲ್ ಎಷ್ಟು ಬೈಟ್ ಉದ್ದ ಎಂಬುದನ್ನು ಆಪರೇಟಿಂಗ್ ಸಿಸ್ಟಂ ಪ್ರತ್ಯೇಕವಾಗಿ ಬರೆದಿಟ್ಟುಕೊಂಡಿರುತ್ತದೆ. ಅದನ್ನು ದಾಟಿ ಓದಲು ಹೋದರೆ ಯೂನಿಕ್ಸ್, ಲಿನಕ್ಸ್‌ಗಳಲ್ಲಿ ರೀಡ್ ಕರೆ 0 ಎಂದು ಉತ್ತರಿಸುತ್ತದೆ. ಆ ಉತ್ತರಕ್ಕೇ ಇಒಎಫ್ ಎನ್ನುತ್ತೇವೆ.

ಆದರೆ ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 1970ರ ದಶಕದ ಸಿಪಿ/ಎಂ ವ್ಯವಸ್ಥೆ ಫೈಲನ್ನು 128 ಬೈಟ್‌ಗಳ ತುಂಡುಗಳಲ್ಲಿ ಲೆಕ್ಕ ಇಡುತ್ತಿತ್ತು. ಕೊನೆಯ ತುಂಡಿನಲ್ಲಿ ಬರಹ ಎಲ್ಲಿಗೆ ಮುಗಿಯಿತು ಎಂದು ತಿಳಿಸಲು ಕಂಟ್ರೋಲ್-ಝಡ್, ಅಂದರೆ 26 ಬೆಲೆಯ ಬೈಟನ್ನು ಹಾಕುತ್ತಿದ್ದರು. ಎಂಎಸ್-ಡಾಸ್ ಆ ರೂಢಿಯನ್ನು ಮುಂದುವರಿಸಿತು. ವಿಂಡೋಸ್‌ನಲ್ಲಿ ಇವತ್ತಿಗೂ ಸಿ ಪ್ರೋಗ್ರಾಂ ಒಂದು ಫೋಟೋ ಫೈಲನ್ನು ಟೆಕ್ಸ್ಟ್ ಮೋಡ್‌ನಲ್ಲಿ ತೆರೆದರೆ, ನಡುವೆ ಎಲ್ಲೋ 26 ಸಿಕ್ಕಿದ ಕೂಡಲೇ ಮುಗಿಯಿತೆಂದು ನಿಂತುಬಿಡುತ್ತದೆ. ಲಿನಕ್ಸ್‌ನ ಕಂಟ್ರೋಲ್-ಡಿ ಕತೆ ಬೇರೆ. ಅದು ಪ್ರೋಗ್ರಾಂಗೆ ಅಕ್ಷರವಾಗಿ ತಲುಪುವುದೇ ಇಲ್ಲ. ‘ಇಲ್ಲಿಯವರೆಗೆ ಟೈಪಿಸಿದ್ದನ್ನು ಈಗಲೇ ಒಪ್ಪಿಸು’ ಎಂದು ಟರ್ಮಿನಲ್‌ಗೆ ಕೊಟ್ಟ ಸೂಚನೆ ಅದು. ಸಾಲಿನ ಆರಂಭದಲ್ಲಿ ಒಪ್ಪಿಸಲು ಏನೂ ಇರದ ಕಾರಣ 0 ಬೈಟ್ ಹೋಗುತ್ತದೆ. ಅರ್ಧ ಸಾಲು ಟೈಪಿಸಿ ಒತ್ತಿ ನೋಡಿ, ಎರಡು ಸಲ ಒತ್ತಬೇಕಾಗುತ್ತದೆ.

ನಂಬಿಕೆ: ಮುಂದೆ ಡೇಟಾ ಇದೆಯೋ ಇಲ್ಲವೋ ಎಂದು ಎಫ್‌ಇಒಎಫ್ ಮೊದಲೇ ಹೇಳುತ್ತದೆ.

ಅದು ಹೇಳುವುದು ಆಗಿಹೋದ ಓದಿನ ಬಗ್ಗೆ. ಬೀದರ್ ಸಾಲಿನ ಕೊನೆಯ ಹೊಸಸಾಲಿನ ಗುರುತು ಸಿಕ್ಕಿದ್ದೇ ಎಫ್‌ಗೆಟ್ಸ್ ನಿಲ್ಲುತ್ತದೆ. ಆಚೆ ಏನಿದೆ ಎಂದು ನೋಡುವುದಿಲ್ಲ. ಹಾಗಾಗಿ ಲೂಪ್ ಮತ್ತೊಂದು ಸುತ್ತು ಬರುತ್ತದೆ, ಓದು ವಿಫಲವಾಗುತ್ತದೆ, ಬಫರ್‌ನಲ್ಲಿ ಉಳಿದಿದ್ದ ಬೀದರ್ ಮತ್ತೆ ಮುದ್ರಣವಾಗುತ್ತದೆ. ಬೀದರ್ ನಂತರ ಎಂಟರ್ ಒತ್ತದೆ ಫೈಲ್ ಉಳಿಸಿದ್ದರೆ ಮಾತ್ರ ಈ ತಪ್ಪು ಕಾಣಿಸುವುದೇ ಇಲ್ಲ. ಒಂದು ಫೈಲಿಗೆ ಸರಿ, ಇನ್ನೊಂದಕ್ಕೆ ತಪ್ಪು ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇದರಿಂದಲೇ. ಪಾಸ್ಕಲ್‌ನ ಇಒಎಫ್ ನಿಜಕ್ಕೂ ಮುಂದೆ ಇಣುಕಿ ನೋಡಿ ಹೇಳುತ್ತದೆ, ಸಿ ಹಾಗಲ್ಲ. ಎಫ್‌ಗೆಟ್ಸ್ ಏನು ಕೊಟ್ಟಿತು ಎಂಬುದನ್ನೇ ಲೂಪಿನ ಷರತ್ತಾಗಿ ಇಡಿ. ಓದು ನಿಂತ ಮೇಲೆ, ಮುಗಿದು ನಿಂತಿತೋ ಡಿಸ್ಕ್ ಕೆಟ್ಟು ನಿಂತಿತೋ ಎಂದು ತಿಳಿಯಲು ಎಫ್‌ಇಒಎಫ್ ಮತ್ತು ಎಫ್‌ಎರರ್ ಕೇಳಿ.

ನಂಬಿಕೆ: 4096 ಬೈಟ್ ಕೇಳಿ ಕಡಿಮೆ ಬಂದರೆ ಡೇಟಾ ಮುಗಿದಂತೆ.

ನೆಟ್‌ವರ್ಕ್ ಸಾಕೆಟ್ಟೋ ಪೈಪೋ ಆದರೆ ಆ ಕ್ಷಣಕ್ಕೆ ಬಂದಷ್ಟನ್ನೇ ಕೈಗೆ ಕೊಡುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗಾಯಿತೆಂದು ಬಿಂದಿಗೆ ಎತ್ತಿಕೊಂಡು ಹೋಗುವವರುಂಟೇ? ಜಾವಾದಲ್ಲಿ ಅವೈಲಬಲ್ 0 ಎಂದರೂ ಸದ್ಯಕ್ಕೆ ಕೈಗೆ ಸಿಗುವಂಥದ್ದು ಇಲ್ಲ ಎಂದಷ್ಟೇ ಅರ್ಥ. ಮುಗಿದದ್ದನ್ನು ತಿಳಿಸುವುದು ರೀಡ್ ಕೊಡುವ -1.

ಕನ್ನಡದ ಡೇಟಾದೊಂದಿಗೆ ಕೆಲಸ ಮಾಡುವವರಿಗೆ ಇಲ್ಲೊಂದು ಗುಂಡಿ ಕಾದಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ‘ಕ’ ಎಂದರೆ 224, 178, 149. ಖಾಲಿ ಜಾಗವೂ ಇಲ್ಲದ ಅಪ್ಪಟ ಕನ್ನಡ ಬರಹವನ್ನು 4096 ಬೈಟ್‌ಗಳ ಬಫರ್‌ಗೆ ಓದಿಕೊಂಡರೆ 1365 ಸಂಕೇತಗಳು 4095 ಬೈಟ್ ತುಂಬುತ್ತವೆ. ಉಳಿದ ಒಂದು ಬೈಟಿನಲ್ಲಿ ಮುಂದಿನ ಅಕ್ಷರದ ತಲೆ ಮಾತ್ರ ಕೂರುತ್ತದೆ. ಆ ತುಂಡನ್ನು ಹಾಗೇ ಡಿಕೋಡ್ ಮಾಡಲು ಕೊಟ್ಟರೆ ಪೈಥಾನ್ ‘ಅನಿರೀಕ್ಷಿತವಾಗಿ ಡೇಟಾ ಮುಗಿಯಿತು’ ಎಂದು ದೂರುತ್ತದೆ. ಫೈಲ್ ಮುಗಿದಿಲ್ಲ, ಅಕ್ಷರ ಎರಡು ಬಫರ್‌ಗಳ ನಡುವೆ ಸೀಳಿದೆ, ಅಷ್ಟೇ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಇಂಗ್ಲಿಷ್ ಬರಹದಲ್ಲಷ್ಟೇ ಪರೀಕ್ಷಿಸಿದ ಕೋಡ್‌ನಲ್ಲಿ ಇದು ಎಂದೂ ಕಾಣಿಸಿಕೊಳ್ಳುವುದಿಲ್ಲ. ನಮ್ಮ ಹೆಸರುಗಳ ನಡುವೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರಾಕೃತಿಗಳು ಮೂಡಲು ಇದೂ ಒಂದು ಕಾರಣ. ಉಳಿದ ಬೈಟನ್ನು ಜೋಪಾನವಾಗಿಟ್ಟು ಮುಂದಿನ ತುಂಡಿಗೆ ಸೇರಿಸುವ ಇನ್‌ಕ್ರಿಮೆಂಟಲ್ ಡಿಕೋಡರ್ ಪೈಥಾನ್‌ನಲ್ಲೇ ಇದೆ. ಅದನ್ನು ಬಳಸಿ.

ನಂಬಿಕೆ: ಇಒಎಫ್ ಬಂದರೆ ಲೂಪ್‌ನಿಂದ ಹೊರಗೆ ಬಂದರಾಯಿತು.

ಇದು ಎಲ್ಲಕ್ಕಿಂತ ಅಪಾಯಕಾರಿ. ಒಂದೊಂದು ದಾಖಲೆಯ ಮೊದಲ 4 ಬೈಟ್ ಅದರ ಉದ್ದ ಹೇಳುತ್ತವೆ ಎಂದಿಟ್ಟುಕೊಳ್ಳಿ. ಉದ್ದ 120 ಎಂದು ಓದಿಕೊಂಡಿರಿ, 87 ಬೈಟ್ ಬಂದು ನಿಂತಿತು. ದಾಖಲೆ ಹರಿದಿದೆ, ಅದನ್ನು ಮುಚ್ಚಿಡಬಾರದು. ಎರಡು ದಾಖಲೆಗಳ ನಡುವಿನ ಗಡಿಯಲ್ಲಿ ಬಂದ ಇಒಎಫ್ ಸಹಜ, ದಾಖಲೆಯ ಒಳಗೆ ಬಂದದ್ದು ದೋಷ. ಗೋ ಭಾಷೆಯ ರೀಡ್‌ಫುಲ್ ಈ ಭೇದವನ್ನು ಗಟ್ಟಿಯಾಗಿ ಹಿಡಿದಿದೆ: ಒಂದು ಬೈಟೂ ಸಿಗದಿದ್ದರೆ ಇಒಎಫ್, ಅರ್ಧ ಸಿಕ್ಕಿದರೆ ಎರ್‌ಅನ್‌ಎಕ್ಸ್‌ಪೆಕ್ಟೆಡ್‌ಇಒಎಫ್. ಜಾವಾದ ರೀಡ್‌ಇಂಟ್‌ಗೆ ಈ ವಿವೇಚನೆ ಇಲ್ಲ. ಒಂದು ಬೈಟೂ ಇಲ್ಲದಿದ್ದರೂ 3 ಬೈಟ್ ಇದ್ದರೂ ಅದೇ ಇಒಎಫ್‌ಎಕ್ಸೆಪ್ಷನ್ ಎಸೆಯುತ್ತದೆ. ಅದನ್ನು ಕ್ಯಾಚ್ ಮಾಡಿ ಸುಮ್ಮನಾಗುವ ಕೋಡ್ ಹರಿದ ಫೈಲಿಗೂ ‘ಎಲ್ಲ ಸರಿಯಿದೆ’ ಎಂದು ಮೊಹರು ಒತ್ತುತ್ತದೆ.

ಗೋದಲ್ಲಿ ಇನ್ನೊಂದು ಎಚ್ಚರ ಬೇಕು. ಕೊನೆಯ ಸಾಲಿಗೆ ಹೊಸಸಾಲಿನ ಗುರುತು ಇಲ್ಲದಿದ್ದರೆ ರೀಡ್‌ಸ್ಟ್ರಿಂಗ್ ಆ ಸಾಲನ್ನೂ ಇಒಎಫ್ ಅನ್ನೂ ಒಟ್ಟಿಗೇ ಕೊಡುತ್ತದೆ. ಮೊದಲು ಎರರ್ ನೋಡಿ ಹೊರಬಂದರೆ ಬೀದರ್ ಎರಡು ಸಲ ಬರುವ ಬದಲು ಪೂರ್ತಿ ಮಾಯವಾಗುತ್ತದೆ. ಬಂದ ಡೇಟಾ ಮೊದಲು, ಎರರ್ ಆಮೇಲೆ.

ಓದುವ ಕೋಡ್ ಎಲ್ಲ ಸರಿಯಿದ್ದೂ ಅನಿರೀಕ್ಷಿತ ಇಒಎಫ್ ಬರುತ್ತಲೇ ಇದ್ದರೆ ಬರೆದ ಕಡೆ ಹೋಗಿ ನೋಡಿ. ಜಾವಾದ ಜಿಝಿಪ್‌ಔಟ್‌ಪುಟ್‌ಸ್ಟ್ರೀಮನ್ನು ಕ್ಲೋಸ್ ಮಾಡದೆ ಬಿಟ್ಟರೆ, ಇನ್ನೂ ಹೊರಬೀಳದ ಡೇಟಾ ಮೆಮೊರಿಯಲ್ಲೇ ಉಳಿದುಹೋಗುತ್ತದೆ. ಫೈಲಿನ ತುದಿಗೆ ಬರಬೇಕಾದ 8 ಬೈಟ್‌ಗಳ ತಾಳೆಲೆಕ್ಕವೂ ಬರುವುದಿಲ್ಲ. ದೂರು ಓದುವವರ ಲಾಗ್‌ನಲ್ಲಿ ಕಾಣುತ್ತದೆ, ಮರೆತ ಒಂದು ಸಾಲು ಬರೆದವರ ಕೋಡ್‌ನಲ್ಲಿರುತ್ತದೆ.